ಸಾಸಿವೆಯ ನಲವತ್ತೊಂದು ತಪ್ಪು

ಹೊಸ ಮಿಸ್ ಮನೆಗೆ ಬಂದ ಹನ್ನೊಂದನೆಯ ದಿನ ಅತ್ತೆ ತಮ್ಮ ತಟ್ಟೆಯನ್ನು ಸೊಸೆಯ ಪಕ್ಕದಿಂದ ಎತ್ತಿ ಮೇಜಿನ ಆಚೆ ಬದಿಗೆ, ಅತಿಥಿಯ ಪಕ್ಕಕ್ಕೆ ಇಟ್ಟುಕೊಂಡರು. ಹದಿನೈದು ವರ್ಷದಿಂದ ಅವರು ಕೂರುತ್ತಿದ್ದ ಕುರ್ಚಿ ಖಾಲಿ ಉಳಿಯಿತು.

"ಅಲ್ಲಿ ಕಿಟಕಿ ಗಾಳಿ ಬಡಿಯುತ್ತೆ," ಅಂದರು.

ಕಿಟಕಿ ಮುಚ್ಚಿತ್ತು. ಸೊಸೆ, ಅಂದರೆ ಟೀಚರ್, ಕಿಟಕಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಗಂಡ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬಿಡಿಸುವುದೇ ಬದುಕಿನ ಪರಮ ಕೆಲಸ ಎನ್ನುವಂತೆ ತಲೆ ತಗ್ಗಿಸಿದ್ದ. ಅಂಗಡಿಯಂಗಡಿಗೆ ಹೋಗಿ ತಕ್ಕಡಿ ರಿಪೇರಿ ಮಾಡುವವನು ಅವನು. ಯಾವ ಕಡೆಗೂ ವಾಲದೆ ಕೂರುವುದು ಕಸುಬಿನಿಂದಲೇ ಬಂದ ಗುಣ.

ಅತ್ತೆ ತಮ್ಮ ತಟ್ಟೆಯ ಮೊಟ್ಟೆಯನ್ನು ಎರಡು ಹೋಳು ಮಾಡಿ ದೊಡ್ಡ ಹೋಳನ್ನು ಹೊಸ ಮಿಸ್ ತಟ್ಟೆಗೆ ದಾಟಿಸಿದರು. "ತಿನ್ನು ಮಗು. ಊರು ಬಿಟ್ಟು ಊರಿಗೆ ಬಂದಿದೀಯ, ಮುಖ ನೋಡು ಹೇಗೆ ಬಾಡಿದೆ."

ಹೊಸ ಮಿಸ್‌ಗೆ ಮಾತು ಪೂರ್ತಿ ತಿಳಿಯಲಿಲ್ಲ, ಮೊಟ್ಟೆ ತಿಳಿಯಿತು. ಸಾಸಿವೆಯ ಕಡೆ ತಿರುಗಿದಳು. ಹದಿಮೂರು ವರ್ಷದ ಸಾಸಿವೆ, ಮನೆಯ ಒಬ್ಬಳೇ ಮಗಳು, ಹುಟ್ಟಿದಾಗ ಅಂಗೈಯಷ್ಟೇ ಇದ್ದುದರಿಂದ ಆ ಹೆಸರು ಅಂಟಿಕೊಂಡವಳು, ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹೊಸ ಮಿಸ್ ನಕ್ಕು ಏನೋ ಉತ್ತರ ಕೊಟ್ಟಳು. ಸಾಸಿವೆ ಅದನ್ನು ಅಜ್ಜಿಗೆ ದಾಟಿಸಿದಳು. "ಅವರ ಅಮ್ಮ ನೋಡಿದ್ರೆ ದಪ್ಪ ಆಗಿದೀಯ ಅಂತ ಬೈತಾರಂತೆ ಅಜ್ಜಿ."

ಅಜ್ಜಿ, ಮೊಮ್ಮಗಳು, ಅತಿಥಿ ಮೂವರೂ ನಕ್ಕರು. ಆಮೇಲೆ ಅತ್ತೆ ನೀರು ಕುಡಿಯುತ್ತಾ, ಯಾರಿಗೂ ಹೇಳದವರ ಹಾಗೆ ಅಂದರು: "ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸ್ತಿರೋರು ಇದೇ ಮನೇಲಿದಾರೆ. ಮಾತಾಡೋಕೆ ಮಾತ್ರ ಮೊಮ್ಮಗಳೇ ಬೇಕು."

ಟೀಚರ್ ಎದ್ದು ಸೂಪಿನ ಪಾತ್ರೆ ಒಳಗೆ ತೆಗೆದುಕೊಂಡು ಹೋದಳು. ಅದರಲ್ಲಿ ಇನ್ನೂ ಇಬ್ಬರಿಗಾಗುವಷ್ಟು ಸೂಪಿತ್ತು.

ಅತ್ತೆ ಹೇಳಿದ್ದು ನಿಜವಾಗಿತ್ತು. ಅದಕ್ಕೇ ಅದು ಅಷ್ಟು ಚುಚ್ಚಿತು. ಟೀಚರ್ ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಚರ್ಚಿನ ಹಿಂದಿನ ಶಾಲೆಗೆ ಸೇರಿದ್ದೂ ಪ್ರಯೋಗಶಾಲೆ ನೋಡಿಕೊಳ್ಳುವುದಕ್ಕೇ. ಸೇರಿದ ವರ್ಷವೇ ಇಂಗ್ಲಿಷ್ ಕಲಿಸುತ್ತಿದ್ದವರು ಕೆಲಸ ಬಿಟ್ಟು ಹೋದರು. "ಒಂದು ಪರೀಕ್ಷೆ ಮುಗಿಯೋವರೆಗೆ ನೋಡ್ಕೊಳ್ಳಮ್ಮ" ಎಂದಿದ್ದರು ಆಗಿನ ಹೆಡ್ ಸಿಸ್ಟರ್. ಹತ್ತೊಂಬತ್ತು ವರ್ಷ ಕಳೆದರೂ ಆ ಪರೀಕ್ಷೆ ಮುಗಿದಿರಲಿಲ್ಲ. ಮೂಲವಸ್ತುಗಳ ಕೋಷ್ಟಕ ಕಲಿತ ಹಾಗೆಯೇ ಅವಳು ವ್ಯಾಕರಣ ಕಲಿತಳು, ಹಾಗೆಯೇ ಕಲಿಸಿದಳು. ಅವಳ ತರಗತಿಯ ಮಕ್ಕಳು ಬರವಣಿಗೆಯಲ್ಲಿ ಎಂದೂ ಸೋತವರಲ್ಲ. ಮಾತಾಡುವ ಪ್ರಶ್ನೆ ಪರೀಕ್ಷೆಗೆ ಬರುತ್ತಿರಲಿಲ್ಲ. ಹಾಗಾಗಿ ಅವಳ ಬಾಯಿಂದ ಇಂಗ್ಲಿಷ್ ಬರುತ್ತಿದ್ದುದು ಮೊದಲೇ ಜೋಡಿಸಿಟ್ಟುಕೊಂಡ ವಾಕ್ಯಗಳಾಗಿ ಮಾತ್ರ, ಪೆಟ್ಟಿಗೆಯಿಂದ ಒಂದೊಂದೇ ತೂಕದ ಬಟ್ಟು ಎತ್ತಿಡುವ ಹಾಗೆ.

ಹೊಸ ಮಿಸ್ ಬೇರೆ ದೇಶದವಳು. ಇಪ್ಪತ್ತೆರಡು ವರ್ಷ. ಶಿಕ್ಷಕಿಯಾಗಲು ಓದುತ್ತಿದ್ದ ಅವಳ ಕಾಲೇಜಿನ ಕೊನೆಯ ಕಂತು ಎಂಟು ವಾರದ ಪಾಠದ ಅಭ್ಯಾಸ. ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳಿರುವ ಪರದೇಶದ ಮಿಷನ್ ಶಾಲೆಯಲ್ಲಿ ಅದನ್ನು ಮುಗಿಸಬೇಕು. ಅಲ್ಲಿನ ಹಿರಿಯ ಶಿಕ್ಷಕಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ವರದಿ ಬರೆಯಬೇಕು. ವರದಿಯಲ್ಲಿ ಹತ್ತು ಬಾಬತ್ತು, ಒಂದೊಂದಕ್ಕೂ ಐದು ಅಂಕ. ಯಾವುದೇ ಒಂದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಎಂಟೂ ವಾರವನ್ನು ಮುಂದಿನ ವರ್ಷ ಮತ್ತೆ ಮಾಡಬೇಕು.

"ನಿಮ್ಮ ಮನೇಲಿ ಒಂದು ಕೋಣೆ ಇದೆ, ನಿಮಗೆ ಇಂಗ್ಲಿಷೂ ಬರುತ್ತೆ, ವರದಿ ಬರೆಯೋರೂ ನೀವೇ. ಬೇರೆ ಯಾರ ಮನೆಗೆ ಕಳಿಸಲಿ ಹೇಳಿ," ಎಂದಿದ್ದರು ಈಗಿನ ಹೆಡ್ ಸಿಸ್ಟರ್.

ಆ ಒಂದು ಕೋಣೆ ಅತ್ತೆಯ ಹೊಲಿಗೆ ಕೋಣೆ. ಶಾಲೆಯ ಸಮವಸ್ತ್ರವನ್ನೆಲ್ಲ ಮೂವತ್ತು ವರ್ಷ ಹೊಲಿದ ಕೈ ಅವರದು. ಹೊಲಿಗೆ ಯಂತ್ರವನ್ನು ಹಜಾರಕ್ಕೆ ಸರಿಸುವಾಗ ಅತ್ತೆ ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದ್ದರು. "ಯಾವಳೋ ಬರ್ತಾಳೆ ಅಂತ ನನ್ನ ಎತ್ತಂಗಡಿ ಮಾಡ್ತೀರಾ?" ಮೂರನೆಯ ದಿನ ಆ ಯಾವಳೋ ಅದೇ ಯಂತ್ರದ ಮುಂದೆ ಕೂತಿದ್ದಳು. ಅವಳ ಕೈಮೇಲೆ ಅತ್ತೆ ಕೈಯಿಟ್ಟು ಸೂಜಿಗೆ ದಾರ ಪೋಣಿಸುವುದು ಹೇಗೆಂದು ತೋರಿಸುತ್ತಿದ್ದರು. ಟೀಚರ್ ಮದುವೆಯಾಗಿ ಬಂದ ವರ್ಷ ಒಮ್ಮೆ ಆ ಯಂತ್ರದ ಮೇಲಿನ ಬಟ್ಟೆ ಸರಿಸಿದ್ದಳು. "ಅದರ ತಂಟೆಗೆ ಹೋಗ್ಬೇಡ" ಎಂಬ ಮಾತು ಇನ್ನೂ ಕಿವಿಯಲ್ಲಿತ್ತು.

ಏಳನೆಯ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು, ಅವರಲ್ಲಿ ಸಾಸಿವೆಯೂ ಒಬ್ಬಳು. ಟೀಚರ್ ಕಲಿಸುವಾಗ ಆ ಕೋಣೆಯಲ್ಲಿ ಸೀಮೆಸುಣ್ಣದ ಸದ್ದು ಕೇಳುತ್ತಿತ್ತು. ಹೊಸ ಮಿಸ್ ಕಲಿಸತೊಡಗಿದ ಮೇಲೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಎರಡು ಸಲ ಬಂದು ಬಾಗಿಲಲ್ಲಿ ಇಣುಕಿ ಹೋದರು. ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳು ಸಂತೆ ಹೂಡಿದ್ದರು. ಒಬ್ಬ ಮುರಿದ ಕೊಡೆ ಮಾರುತ್ತಿದ್ದ, ಇನ್ನೊಬ್ಬಳು ಅದು ಸೋರುತ್ತದೆಂದು ಜಗಳ ತೆಗೆದಿದ್ದಳು. ಎಲ್ಲವೂ ಇಂಗ್ಲಿಷಿನಲ್ಲಿ. ಎಂಥ ಇಂಗ್ಲಿಷ್! ನಿನ್ನೆ ಸೋರಿದ ಕೊಡೆ ನಾಳೆ ಸೋರಿತ್ತು, ಒಂದು ಕೊಡೆ ಹತ್ತಾಗುತ್ತಿತ್ತು, ಗಂಡಸು ಹೆಂಗಸಾಗುತ್ತಿದ್ದ. ಹೊಸ ಮಿಸ್ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ತಲೆದೂಗುತ್ತಾ ಕೇಳುತ್ತಿದ್ದಳು.

ಟೀಚರ್ ಹಿಂದಿನ ಬೆಂಚಿನಲ್ಲಿ ಕೂತು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದಳು. ಎಡಕ್ಕೆ ಮಕ್ಕಳ ಹೆಸರು, ಮೇಲೆ ದಿನಾಂಕ. ತಿದ್ದದೆ ಬಿಟ್ಟ ಪ್ರತಿ ತಪ್ಪಿಗೂ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಇದನ್ನು ಯಾರೂ ಕೇಳಿರಲಿಲ್ಲ. ಆದರೆ ಅಳೆಯದೆ ಅಭಿಪ್ರಾಯ ಹೇಳುವುದು ಅವಳ ಜಾಯಮಾನವಲ್ಲ.

ಪಾಠ ಮುಗಿದ ಮೇಲೆ ಹೊಸ ಮಿಸ್ ಬೆವರು ಒರೆಸಿಕೊಳ್ಳುತ್ತಾ ಬಂದು ಕೇಳುತ್ತಿದ್ದಳು, "ಮ್ಯಾಮ್, ಹೇಗಿತ್ತು?"

"ಚೆನ್ನಾಗಿತ್ತು," ಎನ್ನುತ್ತಿದ್ದಳು ಟೀಚರ್ ಇಂಗ್ಲಿಷಿನಲ್ಲಿ. ಅದೊಂದು ಪದಕ್ಕೆ ಜೋಡಣೆ ಬೇಕಿರಲಿಲ್ಲ. ಏಳು ವಾರವೂ ಅದೇ ಉತ್ತರ, ಅದೇ ನಗು.

ಮೊದಮೊದಲು ಸಾಸಿವೆಯ ಸಾಲಿನಲ್ಲಿ ಗೀಟೇ ಇರಲಿಲ್ಲ. ಎರಡನೆಯ ವಾರ ಮೂರು ಬಿದ್ದವು. ಮೂರನೆಯ ವಾರ ಹನ್ನೊಂದು.

"ಸಾಸಿವೆ, ಇವತ್ತು ಸಂತೆ ಆಟದಲ್ಲಿ ಏನು ಮಾತಾಡಿದ್ದು ನೀನು? ಕ್ರಿಯಾಪದ ಎಲ್ಲಿ ಹೋಯ್ತು?" ಎಂದು ಟೀಚರ್ ಪಾತ್ರೆ ತೊಳೆಯುತ್ತಾ ಕೇಳಿದಳು.

ಒರೆಸುತ್ತಿದ್ದ ತಟ್ಟೆಯನ್ನು ಸಾಸಿವೆ ಮತ್ತೊಮ್ಮೆ ಒರೆಸಿದಳು. "ಮಿಸ್‌ಗೆ ಅರ್ಥ ಆಯ್ತಲ್ಲ."

"ಅರ್ಥ ಆದ್ರೆ ಸಾಕಾ?"

"ಅಲ್ಲಿ ಸಾಕು."

"ಮತ್ತೆ ನನ್ನ ಕ್ಲಾಸಲ್ಲಿ ಒಂದಿನಾನೂ ಬಾಯಿ ಬಿಡ್ಲಿಲ್ಲ ನೀನು? ಅಮ್ಮ ಅಂದ್ರೆ ಅಷ್ಟು ಸದರವಾ?"

ಹಜಾರದಿಂದ ಹೊಸ ಮಿಸ್ ಕೂಗಿದಳು. ಮಗಳು ಒದ್ದೆ ಬಟ್ಟೆಯನ್ನು ಅಮ್ಮನ ಹೆಗಲ ಮೇಲೆ ಹಾಕಿ ಓಡಿದಳು. ಒಳಗೆ ಇಬ್ಬರೂ ಏನೋ ಪಿಸುಗುಟ್ಟಿ ನಕ್ಕರು. ಟೀಚರ್ ನಲ್ಲಿಯ ನೀರು ನಿಲ್ಲಿಸಿ ಕಿವಿಗೊಟ್ಟಳು. ಇಂಗ್ಲಿಷೇ. ಅರ್ಧ ಅರ್ಥವಾಯಿತು. ಅರ್ಥವಾಗದ ಅರ್ಧದಲ್ಲಿ ತನ್ನ ಹೆಸರಿದ್ದಿರಬಹುದೇ ಎಂದು ಅವಳ ಎದೆ ಚುರುಕ್ಕೆಂದಿತು.

ಆ ಶಾಲೆಯಲ್ಲಿ ಸೋಮವಾರದ ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ. ಮಕ್ಕಳಲ್ಲೊಬ್ಬರು ಎದ್ದು ನಿಂತು ಇಂಗ್ಲಿಷಿನಲ್ಲಿ ವಾಕ್ಯ ಓದುವುದು ವಾಡಿಕೆ. ಓದುವವರನ್ನು ಆರಿಸುವುದು, ಮೂರು ದಿನ ತಾಲೀಮು ಮಾಡಿಸುವುದು ಟೀಚರ್ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಒಂದು ಅಕ್ಷರ ತಪ್ಪಿರಲಿಲ್ಲ. ನಾಲ್ಕನೆಯ ವಾರ ಹೆಡ್ ಸಿಸ್ಟರ್ ಅದನ್ನು ಹೊಸ ಮಿಸ್‌ಗೆ ವಹಿಸಿದರು. ಹೊಸ ಮಿಸ್ ಪುಸ್ತಕ ಮುಚ್ಚಿಸಿ, ಮಕ್ಕಳೇ ತಮ್ಮ ಮಾತಿನಲ್ಲಿ ಪ್ರಾರ್ಥಿಸಲಿ ಎಂದಳು.

ಎದ್ದು ನಿಂತವಳು ಸಾಸಿವೆ. ಮನೆಯಲ್ಲಿ ಟೀಚರ್‌ಗೆ ಯಾರೂ ಹೇಳಿರಲಿಲ್ಲ. ಅತ್ತೆಗೆ ಗೊತ್ತಿತ್ತು. ಎಂದೂ ಸೋಮವಾರ ಚರ್ಚಿಗೆ ಬರದವರು ಅವತ್ತು ಇಸ್ತ್ರಿ ಮಾಡಿದ ಬಟ್ಟೆಯುಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದರು.

"ದೇವರೇ, ನನ್ನ ಅಜ್ಜಿಯ ಮಂಡಿ ನೋಯುತ್ತದೆ," ಎಂದು ಶುರುಮಾಡಿದಳು ಸಾಸಿವೆ ಇಂಗ್ಲಿಷಿನಲ್ಲಿ. ಮೆಟ್ಟಿಲು ಹತ್ತುವಾಗ ಅಜ್ಜಿ ದೇವರನ್ನು ಕರೆಯುತ್ತಾರೆ, ಇಳಿಯುವಾಗ ಅಪ್ಪನನ್ನು ಬೈಯುತ್ತಾರೆ, ದಯವಿಟ್ಟು ಮಂಡಿಯನ್ನು ಸರಿಮಾಡು, ಇಲ್ಲವಾದರೆ ಮೆಟ್ಟಿಲನ್ನಾದರೂ ಸರಿಮಾಡು. ಚರ್ಚಿಗೆ ಚರ್ಚೇ ನಕ್ಕಿತು. ಹೆಡ್ ಸಿಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಾಸಿವೆ ಕೂರುವ ಮುಂಚೆ ತಿರುಗಿ ನೋಡಿದಳು. ನೋಡಿದ್ದು ಹೊಸ ಮಿಸ್ ಕಡೆ.

ಕೊನೆಯ ಸಾಲಿನಲ್ಲಿದ್ದ ಟೀಚರ್ ಮಡಿಚಿದ ಹಾಳೆ ತೆಗೆದು ಒಂಬತ್ತು ಗೀಟು ಹಾಕಿದಳು.

"ಏನೇನಂದಳು ನನ್ನ ಬಗ್ಗೆ?" ಎಂದು ಮನೆಗೆ ಬರುವ ದಾರಿಯಲ್ಲಿ ಅತ್ತೆ ಕೇಳಿದರು. ಆಮೇಲೆ ತಾವೇ ಅಂದರು, "ಬೇಡ ಬಿಡು, ಅವಳ ಬಾಯಲ್ಲೇ ಕೇಳ್ತೀನಿ. ನೀನು ಹೇಳಿದ್ರೆ ಅದರಲ್ಲಿ ತಪ್ಪೆಷ್ಟಿತ್ತು ಅಂತ ಹೇಳ್ತೀಯ."

ಐದು, ಆರು, ಏಳನೆಯ ವಾರಗಳು ಹೀಗೇ ಕಳೆದವು. ಹೊಸ ಮಿಸ್ ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಬಿಡುತ್ತಿದ್ದಳು, ಬಿಸಿನೀರಿನ ಸ್ವಿಚ್ ಆರಿಸಲು ಮರೆಯುತ್ತಿದ್ದಳು. ಅದೆಲ್ಲ ಟೀಚರ್‌ಗೆ ಒಂದು ಬಗೆಯ ಸಮಾಧಾನ ಕೊಡುತ್ತಿತ್ತು. "ನೋಡಿ ಅತ್ತೆ, ಮತ್ತೆ ಸ್ವಿಚ್ ಆರಿಸಿಲ್ಲ." "ಆರಿಸಿಬಿಡು, ನಿನ್ನ ಕೈ ಸವೆದುಹೋಗುತ್ತಾ?" ಎನ್ನುತ್ತಿದ್ದರು ಅತ್ತೆ. ಗಂಡನೂ ಸಂಜೆ ಮನೆಗೆ ಬಂದವನೇ "ಎಲ್ಲಿ ನಮ್ಮ ವಿದೇಶಾಂಗ ಖಾತೆ?" ಎಂದು ಸಾಸಿವೆಯನ್ನು ಕರೆದು, ಅವಳನ್ನು ಮಧ್ಯೆ ಕೂರಿಸಿಕೊಂಡು ಹೊಸ ಮಿಸ್‌ಗೆ ತಕ್ಕಡಿಯ ಮುಳ್ಳು ಹೇಗೆ ನಿಲ್ಲುತ್ತದೆಂದು ವಿವರಿಸುತ್ತಿದ್ದ. ಹೆಂಡತಿಗೆ ಅವನು ಅದನ್ನು ಎಂದೂ ವಿವರಿಸಿರಲಿಲ್ಲ. ಅವಳಿಗೆ ಗೊತ್ತಿತ್ತು, ಅದಕ್ಕೆ ವಿವರಿಸಿರಲಿಲ್ಲ. ಆದರೂ.

ಕೊನೆಯ ವಾರ ಕಳಿಸಬೇಕಿದ್ದ ವರದಿಯನ್ನು ಟೀಚರ್ ಏಳನೆಯ ವಾರದ ಶುಕ್ರವಾರವೇ ಬರೆದಳು. ಒಂಬತ್ತು ಬಾಬತ್ತಿಗೆ ಮೂರು, ನಾಲ್ಕು ಹಾಕಿದಳು. ಹತ್ತನೆಯದು, ಮಕ್ಕಳ ತಪ್ಪು ತಿದ್ದುವ ಸಾಮರ್ಥ್ಯ. ಎರಡು ಎಂದು ಬರೆದಳು. ಸುಮ್ಮನೆ ಬರೆಯಲಿಲ್ಲ, ಪುರಾವೆ ಲಗತ್ತಿಸಿದಳು. ಮೊದಲ ವಾರ ಇಡೀ ತರಗತಿಯಲ್ಲಿ ತಿದ್ದದೆ ಬಿಟ್ಟ ತಪ್ಪು ಮೂವತ್ತೇಳು, ಏಳನೆಯ ವಾರ ಮುನ್ನೂರ ಹನ್ನೆರಡು. ಏರುತ್ತಾ ಹೋಗುವ ಗೆರೆಯ ಒಂದು ನಕ್ಷೆಯನ್ನೂ ಬಿಡಿಸಿದಳು. ನಕ್ಷೆ ಅಚ್ಚುಕಟ್ಟಾಗಿತ್ತು. ಲಕೋಟೆ ಅಂಟಿಸಿ ಹೆಡ್ ಸಿಸ್ಟರ್ ಮೇಜಿನ ಮೇಲಿಟ್ಟು ಬಂದಳು. ಆವತ್ತು ಅವಳು ಊಟ ಹೊಟ್ಟೆ ತುಂಬ ಮಾಡಿದಳು.

ಶನಿವಾರ ಮಧ್ಯಾಹ್ನ ಹೊಸ ಮಿಸ್ ಹಾಡಿನ ಅಭ್ಯಾಸಕ್ಕೆಂದು ಚರ್ಚಿಗೆ ಹೋಗಿದ್ದಳು. ಸಾಸಿವೆ ಗಣಿತದ ಮನೆಕೆಲಸಕ್ಕೆ ಗ್ರಾಫ್ ಹಾಳೆ ಹುಡುಕುತ್ತಾ ಅಮ್ಮನ ಕಡತ ತೆರೆದಳು. ಐದು ನಿಮಿಷ ಕಳೆದು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಾಗ ಅವಳ ಕೈಯಲ್ಲಿ ಗೀಟು ಹಾಕಿದ ಮೂಲ ಪಟ್ಟಿಯಿತ್ತು.

"ನಲವತ್ತೊಂದು," ಅಂದಳು.

ಟೀಚರ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು.

"ಒಂದೇ ವಾರದಲ್ಲಿ ನಲವತ್ತೊಂದು. ನಂದೇ ಎಲ್ಲರಿಗಿಂತ ಜಾಸ್ತಿ. ಇದನ್ನಾ ಅಮ್ಮ ನೀನು ಹಿಂದೆ ಕೂತು ಬರೀತಿದ್ದಿದ್ದು? ನಾನು ಅಂದ್ಕೊಂಡಿದ್ದೆ..." ಅವಳು ಹಾಳೆಯನ್ನು ಮಡಿಚಿ ಮತ್ತೆ ಬಿಡಿಸಿದಳು. "ನಾನು ಮಾತಾಡೋದು ನೋಡಿ ಖುಷಿಯಾಗಿ ಬರ್ಕೋತಿದೀಯ ಅಂದ್ಕೊಂಡಿದ್ದೆ."

"ಅದು ನಿನ್ನ ಬಗ್ಗೆ ಅಲ್ಲ ಕಣೆ. ಅದು ಅವಳು ತಿದ್ದಲ್ಲ ಅನ್ನೋದಕ್ಕೆ..."

"ಪ್ರಾರ್ಥನೇದೂ ಇದೆ! ಚರ್ಚಲ್ಲಿ, ಒಂಬತ್ತು!"

ಅತ್ತೆ ಹಜಾರದಿಂದ ಬಂದರು. ಹಾಳೆ ಓದಲು ಬಾರದಿದ್ದರೂ ಗೀಟು ಎಣಿಸಲು ಬರುತ್ತಿತ್ತು. "ನನ್ನ ಮಂಡಿಗೆ ಮಗು ದೇವರ ಹತ್ರ ಬೇಡ್ಕೊಂಡ್ರೆ ಅದಕ್ಕೂ ಗೀಟು ಹಾಕಿದ್ಯೇನೇ?"

"ಅತ್ತೆ, ಇದು ಶಾಲೆ ವಿಷಯ."

"ಶಾಲೆ ವಿಷಯ ಆದ್ರೆ ಹೊಟ್ಟೆಕಿಚ್ಚನ್ನೂ ಶಾಲೇಲೇ ಬಿಟ್ಟು ಬರಬೇಕಿತ್ತು. ಮನೆಗೆ ತಂದು ದಿನಾ ಅದರ ಮೇಲೇ ಅಡುಗೆ ಮಾಡ್ತಿದೀಯ."

"ಹೌದು, ಹೊಟ್ಟೆಕಿಚ್ಚೇ!" ಟೀಚರ್ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು. "ಹದಿನೈದು ವರ್ಷ ನಿಮ್ಮ ಪಕ್ಕ ಕೂತು ಉಂಡಿದೀನಿ, ಒಂದಿನ ಒಂದು ಹೋಳು ಮೊಟ್ಟೆ ಈ ಕಡೆ ಬಂತಾ? ಅವಳು ಹನ್ನೊಂದು ದಿನಕ್ಕೆ ಮಗು ಆಗಿಬಿಟ್ಟಳು!"

ಗಲಾಟೆ ಕೇಳಿ ಹಿತ್ತಿಲಿನಿಂದ ಬಂದ ಗಂಡ, ಎಣ್ಣೆ ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಂಡು ಮಗಳ ಕೈಯಿಂದ ಹಾಳೆ ತೆಗೆದುಕೊಂಡ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ಹೊಸ ತಕ್ಕಡಿ ನೋಡುವ ಹಾಗೆ.

"ತಪ್ಪು ನಲವತ್ತೊಂದು," ಅಂದ. "ಸರಿ. ಎಷ್ಟು ವಾಕ್ಯಕ್ಕೆ?"

"ಏನು?"

"ಎಷ್ಟು ವಾಕ್ಯ ಮಾತಾಡಿದಾಗ ನಲವತ್ತೊಂದು? ಐವತ್ತಕ್ಕಾ, ಇನ್ನೂರಕ್ಕಾ? ಒಂದು ತಟ್ಟೆಗೆ ಮಾತ್ರ ಬಟ್ಟು ಹಾಕಿದೀಯ. ಇನ್ನೊಂದು ತಟ್ಟೆ ಎಲ್ಲಿ?"

ಟೀಚರ್ ಹಾಳೆಯನ್ನೇ ನೋಡಿದಳು. ಹೆಸರಿತ್ತು, ದಿನಾಂಕವಿತ್ತು, ತಪ್ಪನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದೂ ಇತ್ತು. ಒಟ್ಟು ಮಾತಿನ ಲೆಕ್ಕವಿರಲಿಲ್ಲ. ಎಷ್ಟು ದ್ರಾವಣದಲ್ಲಿ ಎಂದು ಹೇಳದೆ ಎಷ್ಟು ಉಪ್ಪು ಎಂದು ಬರೆದ ವಿದ್ಯಾರ್ಥಿಯ ಪುಸ್ತಕವನ್ನು ಅವಳೇ ಒಮ್ಮೆ ಬಾಗಿಲಾಚೆ ಎಸೆದಿದ್ದಳು.

"ನಿನಗೆ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಲ್ಲ," ಎಂದ ಗಂಡ ಮೆಲ್ಲಗೆ. ಅದು ಬೈಗುಳವಾಗಿದ್ದರೆ ಚೆನ್ನಾಗಿತ್ತು.

ಭಾನುವಾರ ಸಾಸಿವೆ ಅಮ್ಮನ ಜೊತೆ ಮಾತಾಡಲಿಲ್ಲ. ಹೊಸ ಮಿಸ್ ಜೊತೆಗೂ ಇಂಗ್ಲಿಷ್ ಆಡಲಿಲ್ಲ. ಊಟದ ಮೇಜಿನಲ್ಲಿ ಹೊಸ ಮಿಸ್ ಏನೋ ಕೇಳಿದಾಗ ಸಾಸಿವೆ ತಲೆ ತಗ್ಗಿಸಿ ಬ್ರೆಡ್ಡಿನ ಅಂಚು ಮುರಿದಳು. ಮಾತು ದಾಟಿಸುವವರಿಲ್ಲದೆ ಮೇಜಿನ ಈ ಬದಿಗೂ ಆ ಬದಿಗೂ ಸಂಬಂಧವೇ ಕಡಿದುಹೋಯಿತು. ಅತ್ತೆ ಸನ್ನೆ ಮಾಡಿ ಉಪ್ಪು ಕೇಳಿದರು, ಹೊಸ ಮಿಸ್ ನೀರು ಕೊಟ್ಟಳು. ಯಾರೂ ನಗಲಿಲ್ಲ. ಏಳು ವಾರದಿಂದ ಟೀಚರ್ ಬಯಸಿದ್ದು ಇದನ್ನೇ, ಮಗಳ ಬಾಯಿ ಹೊಸ ಮಿಸ್ ಮುಂದೆ ಮುಚ್ಚಲಿ ಎಂದು. ಮುಚ್ಚಿದ ಆ ಬಾಯಿಯನ್ನು ನೋಡುತ್ತಾ ಅವಳು ಅರ್ಧ ತಿಂದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಸೋಮವಾರ ಅವಳು ಹೊಸ ಹಾಳೆಯಲ್ಲಿ ಎರಡು ಅಂಕಣ ಎಳೆದು ಹಿಂದಿನ ಬೆಂಚಿನಲ್ಲಿ ಕೂತಳು. ನಲವತ್ತು ನಿಮಿಷದಲ್ಲಿ ತರಗತಿ ಆಡಿದ್ದು ಇನ್ನೂರ ಎಪ್ಪತ್ತಾರು ವಾಕ್ಯ. ತಪ್ಪಿಲ್ಲದವು ನೂರ ತೊಂಬತ್ತೆಂಟು. ಸಾಸಿವೆ ಆಡಿದ್ದು ಸೊನ್ನೆ. ಎರಡೂ ಅಂಕಣದಲ್ಲಿ ಸೊನ್ನೆ. ಆಮೇಲೆ ಬೀರುವಿನಿಂದ ತನ್ನದೇ ಕಳೆದ ವರ್ಷದ ದಿನಚರಿ ತೆಗೆದು ನೋಡಿದಳು. ಅವಳು ಎಲ್ಲವನ್ನೂ ಬರೆದಿಡುವವಳು. ಒಂದು ಪಾಠಕ್ಕೆ ಬಾಯಿಮಾತಿನ ಪ್ರಶ್ನೆ ಹದಿನೈದು, ಉತ್ತರ ಹದಿನಾಲ್ಕು, ಎಲ್ಲವೂ ಒಂದೊಂದು ಪದ, ಎಲ್ಲವೂ ಸರಿ. ವಾಕ್ಯ ಒಂದೂ ಇಲ್ಲ.

ಹೆಡ್ ಸಿಸ್ಟರ್ ಲಕೋಟೆಯನ್ನು ಇನ್ನೂ ಕಳಿಸಿರಲಿಲ್ಲ.

"ವರದಿ ತಿದ್ದಬೇಕು ಸಿಸ್ಟರ್."

"ಮೊಹರು ಆಗಿದೆಯಲ್ಲ." ಹೆಡ್ ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು. "ತಿದ್ದಬಹುದು. ಕಾರಣ ಬರವಣಿಗೆಯಲ್ಲಿ ಕೊಡಬೇಕು. ಅದು ಇಲ್ಲಿ ನಿಮ್ಮ ಕಡತದಲ್ಲೂ ಇರುತ್ತೆ. ಮತ್ತೆ ತಿದ್ದಿದ ವರದಿಗೆ ಆ ಹುಡುಗಿ ರುಜು ಹಾಕ್ಬೇಕು, ಅಂದ್ರೆ ಮೊದಲು ಏನಿತ್ತು ಅಂತ ನೀವೇ ಅವಳಿಗೆ ಹೇಳ್ಬೇಕು. ಬೇಡ ಅಂದ್ರೆ ಹೀಗೇ ಕಳಿಸ್ತೀನಿ."

"ಸಿಸ್ಟರ್, ನೀವೇ ಹೇಳಿಬಿಟ್ರೆ..."

"ಬರೆದಿದ್ದು ನಾನಾ?"

ಟೀಚರ್ ನಿಂತೇ ಕಾರಣ ಬರೆದಳು: 'ಒಟ್ಟು ವಾಕ್ಯಗಳನ್ನು ಎಣಿಸಿರಲಿಲ್ಲ. ಎಣಿಸಬಾರದೆಂದೇ ಎಣಿಸಿರಲಿಲ್ಲ.' ಎರಡನ್ನು ಹೊಡೆದು ನಾಲ್ಕು ಎಂದು ಬರೆದಳು. ಹೆಡ್ ಸಿಸ್ಟರ್ ಓದಿದರು.

"ಈ ನಾಲ್ಕು ಅವಳ ಪಾಠಕ್ಕೋ, ನಿಮ್ಮ ಹೊಟ್ಟೆಕಿಚ್ಚಿಗೋ?"

"ಎರಡೂ ಸೇರಿ ಸಿಸ್ಟರ್. ಐದು ಬರೆಯೋಕೆ ಕೈ ಬರ್ತಿಲ್ಲ."

"ನಾನಾಗಿದ್ರೂ ನಾಲ್ಕೇ ಕೊಡ್ತಿದ್ದೆ. ಗದ್ದಲ ಜಾಸ್ತಿ," ಎನ್ನುತ್ತಾ ಹೆಡ್ ಸಿಸ್ಟರ್ ವರದಿಯನ್ನು ಅವಳ ಕೈಗಿಟ್ಟರು. "ಹೋಗಿ."

ಸಂಜೆ ಬಾಗಿಲು ತೆರೆದಾಗ ಎಲ್ಲರೂ ಹಜಾರದಲ್ಲಿದ್ದರು. ಅತ್ತೆ ಯಂತ್ರದ ಮುಂದೆ, ಗಂಡ ತೂಕದ ಬಟ್ಟುಗಳನ್ನು ಉಜ್ಜುತ್ತಾ, ಸಾಸಿವೆ ಪುಸ್ತಕದ ಹಿಂದೆ, ಹೊಸ ಮಿಸ್ ಕೊನೆಯ ವಾರದ ಪಾಠಕ್ಕೆ ಚಿತ್ರ ಕತ್ತರಿಸುತ್ತಾ. ಟೀಚರ್ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದಳು. ಒಟ್ಟು ಆರು. ಚಪ್ಪಲಿ ಬಿಡುವಷ್ಟರಲ್ಲಿ ಮೊದಲನೆಯದು ಕೈಬಿಟ್ಟುಹೋಯಿತು.

"ಸಾಸಿವೆ, ಸ್ವಲ್ಪ ಇವಳಿಗೆ ಹೇಳು..."

"ನಾನು ಹೇಳಲ್ಲ," ಎಂದಳು ಸಾಸಿವೆ ಪುಸ್ತಕದಿಂದ ತಲೆಯೆತ್ತದೆ. ಎರಡು ದಿನದಲ್ಲಿ ಅವಳು ಅಮ್ಮನಿಗೆ ಆಡಿದ ಮೊದಲ ಮಾತು ಅದು. "ನಿಂದು ನೀನೇ ಹೇಳು."

ಟೀಚರ್ ವರದಿಯನ್ನು ಮುಂದಿಟ್ಟು ಹೊಸ ಮಿಸ್ ಎದುರಿನ ಕುರ್ಚಿಯಲ್ಲಿ ಕೂತಳು. ಇಂಗ್ಲಿಷಿನಲ್ಲಿ ಶುರುಮಾಡಿದಳು. ನಾನು ವರದಿ ಬರೆಯುತ್ತೇನೆ, ಅಲ್ಲ, ಬರೆದೆ. ಎರಡು ಅಂಕ. ಒಂದು ಕಡೆ ಎರಡು. ಎರಡು ಅಂದರೆ ನೀನು ಮತ್ತೆ ಬರಬೇಕು. ನಾನು ಇವತ್ತು ಬದಲಾಯಿಸಿದೆ. ನಿನ್ನ ತಪ್ಪು ಏನೂ ಇಲ್ಲ. ಮಾತು ಸಿಗದೆ ನಿಂತಾಗ ಕೈಯಲ್ಲಿ ತಕ್ಕಡಿ ಮಾಡಿ ತೋರಿಸಿದಳು, ಒಂದು ತಟ್ಟೆ ಮಾತ್ರ ನೋಡಿದೆ ಎಂದು. ಕ್ರಿಯಾಪದಗಳು ಹಿಂದು ಮುಂದಾದವು, ಕೆಲವು ಬರಲೇ ಇಲ್ಲ. ಹೊಟ್ಟೆಕಿಚ್ಚು ಎಂಬುದಕ್ಕೆ ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಪದ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಇಲ್ಲಿ ಬೆಂಕಿ, ನಿನ್ನನ್ನು ನೋಡಿದರೆ ಬೆಂಕಿ, ಎಂದಳು.

ಹೊಸ ಮಿಸ್ ಕತ್ತರಿ ಕೆಳಗಿಟ್ಟಳು. ಅವಳ ಮುಖ ಮೊದಲು ಬಿಳಿಚಿಕೊಂಡು ಆಮೇಲೆ ಕೆಂಪಾಯಿತು.

"ನಾನು ದಿನಾ ಕೇಳುತ್ತಿದ್ದೆ," ಎಂದಳು, ಒಂದೊಂದೇ ಪದ ಬಿಡಿಸಿ, ಟೀಚರ್‌ಗೆ ಅರ್ಥವಾಗಲೇಬೇಕು ಎನ್ನುವಂತೆ. "ಪ್ರತಿ ದಿನ. ಹೇಗಿತ್ತು ಎಂದು. ಪ್ರತಿ ದಿನ ನೀವು ಚೆನ್ನಾಗಿತ್ತು ಎಂದಿರಿ."

"ಹೌದು."

"ಹೇಳಿದ್ದರೆ ನಾನು ತಿದ್ದಿಕೊಳ್ಳುತ್ತಿದ್ದೆ. ನಾನು ಕಲಿಯಲು ಬಂದವಳು."

"ಹೌದು," ಎಂದಳು ಟೀಚರ್ ಮತ್ತೆ.

ಹೊಸ ಮಿಸ್ ವರದಿ ಎಳೆದುಕೊಂಡು ರುಜು ಹಾಕಿದಳು. ಪೆನ್ನಿನ ಮೊನೆ ಹಾಳೆಗೆ ನಾಟಿತು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅಳು ಕೇಳಿಸಿತು, ಮೂಗನ್ನು ದಿಂಬಿಗೆ ಒತ್ತಿ ಅಳುವ ಚಿಕ್ಕ ಹುಡುಗಿಯ ಅಳು. ಸಾಸಿವೆ ಪುಸ್ತಕ ಬಿಸಾಕಿ ಓಡಿದಳು. ಬಾಗಿಲು ಅವಳಿಗೆ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

ಮಗಳ ಹಿಂದೆ ಮುಚ್ಚಿದ ಆ ಬಾಗಿಲನ್ನು ನೋಡಿ ಟೀಚರ್‌ಗೆ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಇಷ್ಟೆಲ್ಲ ಆದ ಮೇಲೂ, ಒಂದು ಚೂರೂ ಕಡಿಮೆಯಾಗದೆ. ಅವಳಿಗೆ ನಗು ಬರುವಂತಾಯಿತು.

"ಏನಂದೆ ಅವಳಿಗೆ?" ಎಂದರು ಅತ್ತೆ. "ಅಷ್ಟೊತ್ತು ಮಾತಾಡಿದ್ಯಲ್ಲ."

"ನಿಮ್ಮ ಬಗ್ಗೆ ಏನೂ ಅಲ್ಲ ಅತ್ತೆ."

"ನನ್ನ ಬಗ್ಗೆ ಅಂತ ಯಾರು ಕೇಳಿದ್ರು? ಅಷ್ಟೊತ್ತು ಮಾತಾಡಿದ್ಯಲ್ಲ ಅಂದೆ." ಅತ್ತೆ ಯಂತ್ರದ ಚಕ್ರಕ್ಕೆ ಕೈಯಿಟ್ಟರು, ತಿರುಗಿಸಲಿಲ್ಲ.

ಟೀಚರ್ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಮೊಟ್ಟೆ ಬೇಯಿಸಿದಳು, ಸಿಪ್ಪೆ ಬಿಡಿಸಿದಳು. ಅರ್ಧ ಗಂಟೆ ಕಳೆದಿರಬೇಕು, ಸಾಸಿವೆ ಬಂದು ಬಾಗಿಲಿಗೆ ಒರಗಿದಳು. ಕಣ್ಣು ಅವಳದೂ ಊದಿತ್ತು. ಅಮ್ಮನ ಮುಖ ನೋಡದೆ, ಗೋಡೆಯ ಕಡೆ ನೋಡುತ್ತಾ, ಇಂಗ್ಲಿಷಿನಲ್ಲಿ ಕೇಳಿದಳು: "ಮಿಸ್‌ಗೆ ತಲೆನೋವು. ಊಟ ಬೇಡ ಅನ್ನುತ್ತಾರೆ. ಏನು ಮಾಡೋಣ?"

ಹುಟ್ಟಿದಾಗಿನಿಂದ ಅವಳು ಅಮ್ಮನಿಗೆ ಇಂಗ್ಲಿಷಿನಲ್ಲಿ ಆಡಿದ ಮೊದಲ ಮಾತು ಅದು. ಅದರಲ್ಲಿ ವ್ಯಾಕರಣದ ತಪ್ಪು ಏನೇನೋ ಇತ್ತು. ಆದರೆ ಮುಗಿಯುವವರೆಗೂ ಟೀಚರ್ ಬಾಯಿ ಹಾಕಲಿಲ್ಲ. ಮುಗಿದ ಮೇಲೂ ತಿದ್ದಲಿಲ್ಲ. ಉತ್ತರ ಹುಡುಕಿದಳು. ಹುಡುಕುವುದಕ್ಕೆ ಹೊತ್ತು ಹಿಡಿಯಿತು, ಸಾಸಿವೆ ಕಾದಳು.

"ಹಾಲು," ಎಂದಳು ಟೀಚರ್ ಇಂಗ್ಲಿಷಿನಲ್ಲಿ. "ಬಿಸಿ ಹಾಲು. ಬ್ರೆಡ್ಡು. ನಾನು ಕೊಡುತ್ತೇನೆ. ಅವಳು ತೆಗೆದುಕೊಳ್ಳುತ್ತಾಳಾ?"

ಸಾಸಿವೆ ಈ ಸಲ ಅಮ್ಮನ ಮುಖ ನೋಡಿದಳು. ಹೆಗಲು ಕುಣಿಸಿದಳು. "ಗೊತ್ತಿಲ್ಲ. ಕೇಳಿ ನೋಡು."

ಟೀಚರ್ ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿದಳು. ಹಜಾರ ದಾಟುವಾಗ ಅತ್ತೆ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಮುಚ್ಚಿದ ಬಾಗಿಲ ಮುಂದೆ ನಿಂತು ಅವಳು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಒಳಗಿನ ಸದ್ದು ನಿಂತಿತು.

"ಯಾರು?" ಎಂದು ಕೇಳಿತು ದನಿ.

ಲೋಟ ಬೆರಳನ್ನು ಸುಡುತ್ತಿತ್ತು. ಅವಳು ಬಾಯಿ ತೆರೆದಳು. ಈ ಸಲ ಮೊದಲೇ ಜೋಡಿಸಿಕೊಂಡ ಒಂದು ವಾಕ್ಯವೂ ಅವಳ ಬಳಿ ಇರಲಿಲ್ಲ.